ನಂದಿ ತಪ್ಪಲು: ದ್ರಾಕ್ಷಿ ಚಪ್ಪರದಿಂದ ಬೆಟ್ಟದ ತುದಿವರೆಗೆ ನಡೆಯುವವರಿಗೆ

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ವಿಧಾನಸೌಧ ಬಿಟ್ಟು ನಂದಿಬೆಟ್ಟದ ಮೇಲೆ ಸಭೆ ಸೇರಿತು. ಅದಾದ ಹದಿಮೂರನೇ ದಿನ, ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಇನ್ನೊಂದು ಘೋಷಣೆ ಮಾಡಿದರು: ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಸ್ವಾಧೀನ ಕೈಬಿಟ್ಟಿದ್ದೇವೆ. ಅಷ್ಟೊತ್ತಿಗೆ ಆ ಹಳ್ಳಿಗಳ ರೈತರು ಹೋರಾಟಕ್ಕೆ ಕೂತು 1,198 ದಿನ ಆಗಿತ್ತು.

ಮಾಧ್ಯಮಗಳಲ್ಲಿ ಇವೆರಡೂ ಬೇರೆ ಬೇರೆ ಸುದ್ದಿಗಳಾಗಿಯೇ ಬಂದವು. ಒಂದು ಅಭಿವೃದ್ಧಿ, ಪ್ರವಾಸೋದ್ಯಮದ ಸುದ್ದಿ, ಇನ್ನೊಂದು ರೈತರ ಸುದ್ದಿ. ಆದರೆ ಬೆಟ್ಟದ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದವರಿಗೆ ಇವೆರಡೂ ಒಂದೇ ಭೂಮಿಯ ಸುದ್ದಿ ಅಂತ ಗೊತ್ತಾಗುತ್ತೆ. ಮೇಲೆ ಬಂಡೆ, ಮಂಜು, ಕೋಟೆ. ಕೆಳಗೆ ಕೆಂಪು ಮಣ್ಣು, ದ್ರಾಕ್ಷಿ ಚಪ್ಪರ, ಹೂವಿನ ಹೊಲ, ಹಿಪ್ಪುನೇರಳೆ, ಅದರಾಚೆ ವಿಮಾನ ನಿಲ್ದಾಣ.

ವಾರಾಂತ್ಯದಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬರುವ ಸಾವಿರಾರು ಜನರಲ್ಲಿ ಹೆಚ್ಚಿನವರು ಕೆಳಗಿನದನ್ನು ನೋಡೋದೇ ಇಲ್ಲ. ಕತ್ತಲಲ್ಲಿ ಹೊರಟು, ಬೆಳಗಿನ ಜಾವ ಗೇಟಿನ ಮುಂದೆ ವಾಹನದ ಸಾಲಲ್ಲಿ ನಿಂತು, ಸೂರ್ಯೋದಯದ ಫೋಟೊ ತೆಗೆದು, ಹೆದ್ದಾರಿಯಲ್ಲಿ ಇಡ್ಲಿ ತಿಂದು, ಹತ್ತು ಗಂಟೆಗೆ ಮನೆ ಸೇರ್ತಾರೆ. ಈ ಬರಹ ಕೆಳಗಿನಿಂದ ಹತ್ತುವವರಿಗೆ. ದಾರಿ ಯಾವುದು, ದಾರಿಯಲ್ಲಿ ಕಾಣುವ ಬೆಳೆ ಯಾವುದು, ಅದಕ್ಕೆ ನೀರು ಎಲ್ಲಿಂದ ಬರುತ್ತೆ, ಈ ಬೆಟ್ಟದ ಬಗ್ಗೆ ತೀರ್ಮಾನ ಯಾರು ಮಾಡ್ತಾರೆ ಅನ್ನೋದನ್ನೆಲ್ಲ ಒಂದೇ ಕಡೆ ಇಡುವ ಪ್ರಯತ್ನ.

ಇದು ವೈನ್ ಸೀಮೆ ಹೇಗಾಯ್ತು?

ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಸುತ್ತಲಿನ ಬಯಲು ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ತಂಪು, ಕಲ್ಲು ಬೆರೆತ ನೀರು ಬಸಿಯುವ ಮಣ್ಣು ಇಲ್ಲಿನ ಗುಣ. ರಾತ್ರಿ ತಂಪಾದರೆ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತೆ. ಹುಳಿ ಇಲ್ಲದ ಹಣ್ಣಿನಿಂದ ವೈನ್ ಮಾಡಿದ್ರೆ ಅದು ಸಪ್ಪೆ ಪಾನಕ ಆಗುತ್ತೆ. ಈ ಲೆಕ್ಕಾಚಾರದಲ್ಲೇ ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರೆಂಚ್ ತಳಿಗಳನ್ನು ತಂದು ದೊಡ್ಡಬಳ್ಳಾಪುರದ ರಘುನಾಥಪುರದಲ್ಲಿ ಹಾಕಿಸಿದರು. ಗ್ರೋವರ್ ವಿನ್‌ಯಾರ್ಡ್ಸ್ ಶುರುವಾಗಿದ್ದು 1988ರಲ್ಲಿ. ಮುಂದೆ ಫ್ರಾನ್ಸಿನ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ಈ ಕಂಪನಿ ನಾಸಿಕ್‌ನ ಇನ್ನೊಂದು ವೈನರಿ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ‘ನಂದಿ ವ್ಯಾಲಿ’ ಅನ್ನೋ ಹೆಸರು ಕಡತಕ್ಕೂ ಸೇರಿತು. ಅದೇ ವರ್ಷ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯೂ ಹುಟ್ಟಿತು.

ಅಂದಹಾಗೆ, ಪಾನನಿಷೇಧದ ಬಗ್ಗೆ ಜೀವನಪೂರ್ತಿ ಮಾತಾಡಿದ ಗಾಂಧೀಜಿ 1927ರ ಬೇಸಿಗೆಯಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ವಾರಗಟ್ಟಲೆ ಉಳಿದುಕೊಂಡಿದ್ದು ಇದೇ ಬೆಟ್ಟದ ಮೇಲೆ. ಅವರ ನೆನಪಿನ ಗಾಂಧಿ ನಿಲಯ ಮೇಲಿದೆ, ವೈನ್ ಪೀಪಾಯಿಗಳು ಕೆಳಗಿವೆ.

ಇಲ್ಲಿ ಒಂದು ತಪ್ಪು ಕಲ್ಪನೆ ತಿದ್ದಬೇಕು. ‘ವೈನ್ ಟೂರ್’ ಜಾಹೀರಾತು ನೋಡಿದವರು ಇಡೀ ತಪ್ಪಲು ವೈನ್ ತೋಟ ಅಂದುಕೊಳ್ತಾರೆ. ನಿಜಕ್ಕೂ ಇಲ್ಲಿನ ಹಳೆಯ ದ್ರಾಕ್ಷಿ ಬೆಂಗಳೂರು ಬ್ಲೂ. ಫ್ರೆಂಚ್ ತಳಿಗಳು ಬರುವ ಎಷ್ಟೋ ಮೊದಲಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸಣ್ಣ ರೈತರು ಬೆಳೀತಾ ಬಂದಿರೋದು ಇದನ್ನೇ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಮೂಲ ಅಮೆರಿಕದ ಕಡೆಯದು. ದಪ್ಪ ಸಿಪ್ಪೆ, ಒಳಗೆ ಬೀಜ, ಗಾಢ ವಾಸನೆ, ಹುಳಿ ಜಾಸ್ತಿ. ತಿನ್ನಲು, ಜ್ಯೂಸಿಗೆ, ಜಾಮ್‌ಗೆ, ‘ಪೋರ್ಟ್’ ಹೆಸರಲ್ಲಿ ಮಾರುವ ಅಗ್ಗದ ಸಿಹಿ ವೈನಿಗೆ ಹೋಗುವ ಹಣ್ಣು ಇದು. ದುಬಾರಿ ಬಾಟಲಿಯ ರುಚಿ ನೋಡಲು ಬಂದವರಿಗೆ ಇದರ ಹೆಸರನ್ನು ಯಾರೂ ಹೇಳಲ್ಲ. ಬೆಟ್ಟದ ಸುತ್ತಲ ಸಣ್ಣ ಜಮೀನುಗಳ ಸಂಸಾರ ನಡೆಸಿಕೊಂಡು ಬಂದಿರೋದು ಮಾತ್ರ ಇಂಥ ಹಣ್ಣೇ.

ಯಾವ ಬೆಟ್ಟ, ಯಾವ ದಾರಿ

ಈ ಭಾಗದ ಬೆಟ್ಟಗಳನ್ನು ಒಟ್ಟಾಗಿ ಪಂಚಗಿರಿ ಅಂತಾರೆ. ನಂದಿಗಿರಿ, ಬ್ರಹ್ಮಗಿರಿ, ಸ್ಕಂದಗಿರಿ, ಚೆನ್ನಗಿರಿ ಇವುಗಳಲ್ಲಿ ಮುಖ್ಯ. ಪಶ್ಚಿಮಕ್ಕೆ, ದೊಡ್ಡಬಳ್ಳಾಪುರದಾಚೆ ಮಾಕಳಿದುರ್ಗ ಇದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ನಡಿಗೆ ನಂದಿ ಗ್ರಾಮದಿಂದ ಶುರುವಾಗೋದು. ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಅನ್ನೋ ಪುಟ್ಟ ಹಳೆಯ ನಿಲ್ದಾಣ ಇದೆ. ದಿನಕ್ಕೆ ಕೆಲವೇ ರೈಲು, ಹಾಗಾಗಿ ಸಮಯ ನೋಡಿಕೊಂಡು ಹೊರಡಬೇಕು. ಅಲ್ಲಿಂದ ಭೋಗನಂದೀಶ್ವರ ದೇವಸ್ಥಾನ ನಡೆದೇ ಹೋಗುವಷ್ಟು ದೂರ. ಒಂಬತ್ತನೇ ಶತಮಾನದಷ್ಟು ಹಳೆಯ ಬುನಾದಿಯ ದೇವಸ್ಥಾನ ಅದು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈಯಾಡಿಸಿದ್ದಾರೆ. ಕಲ್ಯಾಣಿ ಕಟ್ಟೆ ಮೇಲೆ ಹತ್ತು ನಿಮಿಷ ಕೂತು ಸುಲ್ತಾನಪೇಟೆ ಕಡೆ ಹೊರಟರೆ, ಬೆಟ್ಟದ ಬುಡದಿಂದ ಹಳೆಯ ಮೆಟ್ಟಿಲು ದಾರಿ ಸಿಗುತ್ತೆ. ಸಾವಿರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು. ಕಾರು ರಸ್ತೆ ಬರುವ ಮುಂಚೆ ಜನ ಮೇಲಿನ ಯೋಗನಂದೀಶ್ವರನ ಗುಡಿಗೆ ಹೋಗ್ತಿದ್ದದ್ದು ಹೀಗೇ ನಡೆದು. ಅಭ್ಯಾಸ ಇದ್ದವರಿಗೆ ಒಂದೂವರೆ ಗಂಟೆ, ಇಲ್ಲದವರಿಗೆ ಎರಡು ಗಂಟೆ ಇಟ್ಟುಕೊಳ್ಳಿ. ದಾರಿ ಕೆಲವೊಮ್ಮೆ ಮುಚ್ಚಿರುತ್ತೆ, ಊರಲ್ಲಿ ಕೇಳಿಕೊಂಡೇ ಹತ್ತಿ.

ಮೇಲೆ ತಲುಪಿದ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಕಬ್ಬನ್ ಕಟ್ಟಿಸಿದ ಬಂಗಲೆ, ‘ಟಿಪ್ಪು ಡ್ರಾಪ್’ ಎಂಬ ಕಡಿದಾದ ಬಂಡೆ ಎಲ್ಲ ಸಿಗುತ್ತವೆ. ಕೋಟೆಯನ್ನು ಕಾರ್ನ್‌ವಾಲಿಸ್ ಸೇನೆ 1791ರ ಅಕ್ಟೋಬರ್ 19ರಂದು ಹಿಡಿಯಿತು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ನಾಯಕರನ್ನು ಕರೆತಂದಿದ್ದು ಇಲ್ಲಿಗೇ. ಈ ಕಥೆಗಳನ್ನು ಹೇಳೋಕೆ ಅಲ್ಲಿ ಫಲಕಗಳಿವೆ, ನಾನು ಮುಂದೆ ಹೋಗ್ತೀನಿ.

ಸ್ಕಂದಗಿರಿಗೆ ಕಳವಾರ ದುರ್ಗ ಅಂತಲೂ ಹೆಸರು. ಚಿಕ್ಕಬಳ್ಳಾಪುರದಿಂದ ಕೆಲವೇ ಕಿಲೋಮೀಟರ್. ಪಾಪಾಗ್ನಿ ಮಠದ ಬಳಿಯಿಂದ ಹತ್ತಬೇಕು. ಎತ್ತರ ಸುಮಾರು 1,450 ಮೀಟರ್. ಬಂಡೆ ಮತ್ತು ಕುರುಚಲು ಕಾಡಿನ ನಡುವಿನ ದಾರಿ, ಮಧ್ಯೆ ಮಧ್ಯೆ ಕೋಟೆ ಗೋಡೆ. ಅಕ್ಟೋಬರ್‌ನಿಂದ ಜನವರಿವರೆಗಿನ ಬೆಳಗ್ಗೆ ಮೋಡ ಕಾಲಡಿ ನಿಂತಿರೋದು ನೋಡಬಹುದು. ಇನ್‌ಸ್ಟಾಗ್ರಾಮ್ ಇದನ್ನು ಎಷ್ಟು ಜನಪ್ರಿಯ ಮಾಡಿದೆ ಅಂದ್ರೆ, ಒಂದು ಕಾಲಕ್ಕೆ ರಾತ್ರಿಯೆಲ್ಲ ಟಾರ್ಚುಗಳ ಸಾಲು ಕಾಣ್ತಿತ್ತು. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡಲ್ಲ.

ಮಾಕಳಿದುರ್ಗಕ್ಕೆ ದೊಡ್ಡಬಳ್ಳಾಪುರ–ಗೌರಿಬಿದನೂರು ಮಾರ್ಗದ ಮಾಕಳಿದುರ್ಗ ನಿಲ್ದಾಣದಲ್ಲಿ ಇಳಿಯಬಹುದು. ಹಳಿ ಮೇಲೆ ನಡೆದು ಹೋಗಿ ಫೋಟೊ ಹಾಕಿದವರನ್ನು ನೋಡಿ ನೀವೂ ಹಳಿ ಹಿಡಿಯಬೇಡಿ, ಅದು ಓಡಾಟ ಇರುವ ಮಾರ್ಗ. ಇದಕ್ಕೂ ಬುಕಿಂಗ್ ಬೇಕು.

ಬ್ರಹ್ಮಗಿರಿ ನೋಡಲು ಸಾಧುವಾಗಿ ಕಾಣುತ್ತೆ, ಆದರೆ ಬಂಡೆ ಕಡಿದು. 2022ರ ಫೆಬ್ರುವರಿಯಲ್ಲಿ ಒಬ್ಬ ವಿದ್ಯಾರ್ಥಿ ಅಲ್ಲಿ ಜಾರಿ ಬಿದ್ದು ಸಿಕ್ಕಿಹಾಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯ್ತು. ಗುರುತು ಮಾಡಿದ ದಾರಿ ಇಲ್ಲದ ಕಡೆ ಒಬ್ಬರೇ ಹೋಗಬೇಡಿ ಅನ್ನೋದಕ್ಕೆ ಇದಕ್ಕಿಂತ ವಿವರಣೆ ಬೇಕಿಲ್ಲ.

ಸೈಕಲ್‌ನವರಿಗೆ ನಂದಿ ಒಂದು ಪರೀಕ್ಷೆ. ಕೊನೆಯ ಏಳೆಂಟು ಕಿಲೋಮೀಟರ್ ತಿರುವಿನ ಏರು, ಕೆಳಗೆ ಎಷ್ಟೇ ಹುರುಪಲ್ಲಿ ಬಂದಿದ್ರೂ ಅಲ್ಲಿ ಉಸಿರು ಲೆಕ್ಕ ಹಾಕಿಸುತ್ತೆ. ಏರುವಾಗಿಗಿಂತ ಇಳಿಯುವಾಗ ಅಪಾಯ ಜಾಸ್ತಿ. ತಿರುವುಗಳಲ್ಲಿ ಎದುರಿಗೆ ಬರುವ ಕಾರಿನವರು ಫೋನ್ ಹಿಡಿದಿರ್ತಾರೆ. ಪಕ್ಷಿ ನೋಡುವವರಿಗೆ ಚಳಿಗಾಲ ಹಬ್ಬ. ಪಶ್ಚಿಮಘಟ್ಟದಲ್ಲಿ ಕಾಣುವ ನೀಲಗಿರಿ ಕಾಡುಪಾರಿವಾಳ ಇಷ್ಟು ದೂರದ ಈ ಬೆಟ್ಟದ ಮೇಲೂ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಿಗೆ ಮಾತ್ರ ಸೀಮಿತವಾದ, ಅಳಿವಿನ ಅಂಚಿನತ್ತ ಸಾಗಿರುವ ಹಳದಿ ಕೊರಳಿನ ಪಿಕಳಾರ ಇಲ್ಲಿನ ಪೊದೆಗಳಲ್ಲಿ ಸಿಗುತ್ತೆ. ಬ್ಲೂಟೂತ್ ಸ್ಪೀಕರ್ ಹೊತ್ತು ಬೆಟ್ಟ ಹತ್ತುವವರಿಗೆ ಈ ಹಕ್ಕಿ ಕಾಣಲ್ಲ, ಕೇಳೋದೂ ಇಲ್ಲ.

ಚಪ್ಪರ ನೋಡಿ ದ್ರಾಕ್ಷಿ ಹೇಳಿ

ತಪ್ಪಲಲ್ಲಿ ನಡೆಯುವಾಗ ತೋಟ ಯಾವುದು ಅಂತ ಗುರುತಿಸೋದು ಸುಲಭ. ಕಲ್ಲು ಕಂಬ ನೆಟ್ಟು, ತಲೆ ಎತ್ತರದಲ್ಲಿ ತಂತಿ ಹೆಣೆದು, ಬಳ್ಳಿಯನ್ನು ಮೇಲೆ ಹರಡಿ, ಗೊಂಚಲು ಕೆಳಗೆ ಜೋತುಬಿದ್ದಿದ್ರೆ ಅದು ಚಪ್ಪರ. ಅಲ್ಲಿ ಇರೋದು ಸಾಮಾನ್ಯವಾಗಿ ತಿನ್ನುವ ದ್ರಾಕ್ಷಿ: ಬೆಂಗಳೂರು ಬ್ಲೂ, ದಿಲ್‌ಖುಷ್, ಶರದ್, ರೆಡ್ ಗ್ಲೋಬ್. ಬೇಲಿ ಥರ ಸಾಲು ಸಾಲಾಗಿ, ಎದೆಮಟ್ಟದ ತಂತಿಗೆ ಬಳ್ಳಿ ಕಟ್ಟಿದ್ರೆ ಅದು ವೈನ್ ದ್ರಾಕ್ಷಿ: ಕ್ಯಾಬರ್ನೆ ಸೊವಿನ್ಯೊಂ, ಶಿರಾಜ್, ಸೊವಿನ್ಯೊಂ ಬ್ಲಾಂಕ್, ವಿಯೊನಿಯೆ. ಚಪ್ಪರದಲ್ಲಿ ಇಳುವರಿ ಮುಖ್ಯ. ಸಾಲಿನಲ್ಲಿ ಇಳುವರಿಯನ್ನು ಬೇಕಂತಲೇ ತಗ್ಗಿಸ್ತಾರೆ, ಕಡಿಮೆ ಗೊಂಚಲು ಬಿಟ್ಟರೆ ರಸ ಗಟ್ಟಿಯಾಗುತ್ತೆ.

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತೆ. ನಮ್ಮಲ್ಲಿ ಮಲಗಿಸುವಷ್ಟು ಚಳಿ ಇಲ್ಲ, ಬಳ್ಳಿ ವರ್ಷವಿಡೀ ಎದ್ದೇ ಇರುತ್ತೆ. ಅದಕ್ಕೇ ವೈನ್ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್ ಹೊತ್ತಿಗೆ ಸವರಿದರೆ ಹೊಸ ಕಡ್ಡಿ ಬರುತ್ತೆ, ಆಗ ಬಿಡುವ ಹೂವಿನ ಮೇಲೆ ಆಸೆ ಇಟ್ಟುಕೊಳ್ಳಲ್ಲ. ಮಳೆ ಇಳಿಯುವಾಗ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಸವರಿದರೆ ಫಸಲು. ಕಟಾವು ಫೆಬ್ರುವರಿ–ಮಾರ್ಚ್. ಹಣ್ಣು ಕೊಳೆಸುವ ಮಳೆಯನ್ನು ತಪ್ಪಿಸಿಕೊಳ್ಳುವ ಉಪಾಯ ಇದು. ಬೆಂಗಳೂರು ಬ್ಲೂ ಮಾತ್ರ ಎರಡು ಸಲ ಸವರಿದರೆ ಎರಡು ಫಸಲು ಕೊಡುತ್ತೆ. ಸಣ್ಣ ರೈತ ಇದನ್ನು ಬಿಡದೇ ಇರೋದಕ್ಕೆ ಅದೂ ಒಂದು ಕಾರಣ.

ಸವರೋದು, ಚಿಗುರು ಕಟ್ಟೋದು, ಎಲೆ ತೆಗೆಯೋದು, ಗೊಂಚಲು ಕತ್ತರಿಸೋದು ಎಲ್ಲವೂ ಕೈಕೆಲಸ, ಅದರಲ್ಲಿ ದೊಡ್ಡ ಪಾಲು ಕೂಲಿಗೆ ಬರುವ ಹೆಂಗಸರದ್ದು. ದಖ್ಖನ್ನಿನ ದ್ರಾಕ್ಷಿ ಕೃಷಿಯಲ್ಲಿ ಬಳಸುವ ಇನ್ನೊಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಸವರಿದ ಮೇಲೆ ಎಲ್ಲ ಕಣ್ಣುಗಳೂ ಒಟ್ಟಿಗೆ ಚಿಗುರಲಿ ಅಂತ ಹೈಡ್ರೋಜನ್ ಸಯನಮೈಡ್ ಅನ್ನೋ ರಾಸಾಯನಿಕವನ್ನು ಕಡ್ಡಿಗೆ ಸವರ್ತಾರೆ. ಚರ್ಮಕ್ಕೆ ತಾಗಿದ್ರೆ ಸುಡುತ್ತೆ. ಇದನ್ನು ಮುಟ್ಟಿದವರು ಅದರ ಹಿಂದೆಮುಂದೆ ಮದ್ಯ ಕುಡಿದ್ರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಾಗಿ, ವಾಂತಿಯಾಗಿ ಮಲಗಿಬಿಡ್ತಾರೆ. ದೇಹ ಆಲ್ಕೋಹಾಲನ್ನು ಕರಗಿಸುವ ಕ್ರಿಯೆಯನ್ನೇ ಅದು ತಡೆಯುತ್ತೆ. ಮದ್ಯವಾಗುವ ಹಣ್ಣನ್ನು ಚಿಗುರಿಸುವವನಿಗೇ ಆ ದಿನ ಮದ್ಯ ವಿಷ. ಕೈಗವಸು, ಮುಖಗವಸು ಕೊಟ್ಟಿದ್ದಾರಾ ಅನ್ನೋದು ವೈನರಿ ಪ್ರವಾಸದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. ಪೀಪಾಯಿ ಯಾವ ಮರದ್ದು ಅಂತ ಎಲ್ಲರೂ ಕೇಳ್ತಾರೆ.

ದಾರಿ ಬದಿಯ ಗೊಂಚಲಿಗೆ ಕೈ ಹಾಕಬೇಡಿ. ಅದು ಒಬ್ಬರ ದುಡಿಮೆ ಅನ್ನೋದು ಒಂದು, ರೋಗಕ್ಕೆ ಅಂತ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೋ ಬೇರೆ ಔಷಧಿಯೋ ಹೊಡೆದಿರುತ್ತಾರೆ ಅನ್ನೋದು ಇನ್ನೊಂದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಿದ್ದು ಸರಿಯಾಗಿ ಕಟಾವಿನ ಹೊತ್ತಿಗೆ. ಲಾರಿ ಇಲ್ಲ, ಮಂಡಿ ಇಲ್ಲ, ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ದ್ರಾಕ್ಷಿ ತೋಟಕ್ಕೆ ಕಲ್ಲು ಕಂಬ, ತಂತಿ, ಡ್ರಿಪ್, ಬೋರ್ ಅಂತ ಮೊದಲೇ ದುಡ್ಡು ಸುರಿದಿರಬೇಕು. ಟೊಮ್ಯಾಟೊ ಥರ ಮುಂದಿನ ಬೆಳೆಗೆ ಬದಲಾಯಿಸಿಕೊಳ್ಳೋಕೆ ಆಗಲ್ಲ. ಜಮೀನು ಕೊಡಿ, ಎಕರೆಗೆ ಇಷ್ಟು ಕೊಡ್ತೀವಿ ಅನ್ನುವವರು ಬಾಗಿಲಿಗೆ ಬರೋದು ಇಂಥ ವರ್ಷಗಳಾದ ಮೇಲೇ.

ನದಿ ಹುಟ್ಟುವ ಕಡೆ ನೀರಿನ ಕಥೆ

ಶಾಲೆಯ ಪುಸ್ತಕದಲ್ಲಿ ಓದಿರ್ತೀರಿ: ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟೋದು ನಂದಿ ಸಾಲಿನ ಈ ಬೆಟ್ಟಗಳ ಆಸುಪಾಸಲ್ಲಿ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಹಿಂದಿನವರು ಇದನ್ನು ಅರ್ಥ ಮಾಡಿಕೊಂಡೇ ಕೆರೆ ಮೇಲೆ ಕೆರೆ ಕಟ್ಟಿದ್ರು. ಬೆಟ್ಟದ ನೀರು ಮೊದಲ ಕೆರೆಗೆ, ಅದು ಕೋಡಿ ಬಿದ್ರೆ ಮುಂದಿನ ಕೆರೆಗೆ. ಸ್ಕಂದಗಿರಿ ಮೇಲಿಂದ ನೋಡಿದ್ರೆ ಈ ಸರಣಿ ಕಾಣುತ್ತೆ.

ಅರ್ಕಾವತಿಯ ಕಥೆ ಬೆಂಗಳೂರಿನವರಿಗೆ ಹೆಚ್ಚು ತಟ್ಟಬೇಕು. 1894ರಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದಿದ್ದು ಈ ನದಿಯ ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. ನಗರದ ನೀರಿನ ಚರಿತ್ರೆ ಶುರುವಾಗಿದ್ದೇ ನಂದಿ ತಪ್ಪಲಿನಿಂದ. ಆಮೇಲೆ ನಗರ ಕಾವೇರಿಗೆ ಹೋಯಿತು, ಅರ್ಕಾವತಿ ಬತ್ತಿತು. ಅದಕ್ಕೆ ಕೊಳವೆಬಾವಿ, ನೀಲಗಿರಿ ತೋಪು, ಒತ್ತುವರಿ, ಕಲ್ಲು ಗಣಿಗಾರಿಕೆ ಎಲ್ಲದರ ಪಾಲೂ ಇದೆ. ಭಾರತದಲ್ಲಿ ನೀಲಗಿರಿ ಮರ ಮೊದಲು ನೆಟ್ಟಿದ್ದು ಟಿಪ್ಪು ಕಾಲದಲ್ಲಿ ಇದೇ ನಂದಿಬೆಟ್ಟದಲ್ಲಿ ಅನ್ನೋದು ಅರಣ್ಯ ಚರಿತ್ರೆಯಲ್ಲಿ ಪ್ರಚಲಿತ ಮಾತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು.

ಈಗ ದ್ರಾಕ್ಷಿಗೆ ನೀರು ಬರೋದು ಬೋರಿನಿಂದ. ಇಲ್ಲಿನದು ಗಟ್ಟಿ ಕಲ್ಲು, ನೀರು ನಿಲ್ಲೋದು ಬಿರುಕುಗಳಲ್ಲಿ ಮಾತ್ರ. ಸಾವಿರ ಅಡಿ ದಾಟಿ ಕೊರೆದರೂ ಬಿರುಕು ಸಿಗದಿದ್ರೆ ದುಡ್ಡು ಹೋದಂಗೆ. ಡ್ರಿಪ್ ಇಲ್ಲದೆ ಇಲ್ಲಿ ಇವತ್ತು ದ್ರಾಕ್ಷಿ ಇಲ್ಲ. ಈ ಕೊರತೆ ತುಂಬೋಕೆ ಸರ್ಕಾರ ತಂದಿದ್ದು ಎಚ್‌.ಎನ್. ವ್ಯಾಲಿ ಯೋಜನೆ: ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸೋದು. ಕೋಲಾರಕ್ಕೆ ಇಂಥದ್ದೇ ಕೆ.ಸಿ. ವ್ಯಾಲಿ 2018ರಲ್ಲಿ ಶುರುವಾಗಿತ್ತು. ಕೆರೆ ತುಂಬಿದ್ದನ್ನು, ಬೋರಿನಲ್ಲಿ ನೀರು ಮೇಲೆ ಬಂದಿದ್ದನ್ನು ರೈತರು ಖುಷಿಯಿಂದ ಹೇಳ್ತಾರೆ. ಮೂರನೇ ಹಂತದ ಶುದ್ಧೀಕರಣ ಆಗದ ನೀರು ಅಂತರ್ಜಲ ಸೇರಿದ್ರೆ ಮುಂದೇನು ಅಂತ ಇದೇ ಜಿಲ್ಲೆಗಳ ನೀರಾವರಿ ಹೋರಾಟಗಾರರು ಕೇಳ್ತಾನೇ ಇದ್ದಾರೆ, ವಿಷಯ ನ್ಯಾಯಾಲಯಕ್ಕೂ ಹೋಗಿಬಂತು. ಎರಡೂ ಮಾತು ನಿಜ ಇರಬಹುದು. ಒಂದು ಕಾಲದಲ್ಲಿ ನಗರಕ್ಕೆ ಕುಡಿಯುವ ನೀರು ಕಳಿಸಿದ ತಪ್ಪಲಿಗೆ ಈಗ ನಗರದಿಂದ ವಾಪಸ್ ಬರ್ತಿರೋದು ಇದು ಅನ್ನೋದಂತೂ ದಾಖಲೆಯಲ್ಲೇ ಇದೆ.

ಮೇಲಿಂದ ನೋಡಿದಾಗ ಗುಡ್ಡಗಳ ಮೇಲೆ ಬಿಳಿ ಗಾಯದಂಥ ಜಾಗಗಳು ಕಂಡರೆ ಅವು ಕ್ವಾರಿಗಳು. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಕಡ್ಡಿ ಸ್ಫೋಟಿಸಿ ಆರು ಮಂದಿ ಸತ್ತರು. ಆ ವಾರವೆಲ್ಲ ಚರ್ಚೆ ನಡೀತು. ಅದೇ ವರ್ಷ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆಯೇ ಕುಸಿದು ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತು.

ಬುಕಿಂಗ್, ಗೇಟು, ರೋಪ್‌ವೇ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಇರುವೆ ಸಾಲಿನಂತೆ ಜನ ನಿಂತ ಚಿತ್ರ ನೋಡಿರ್ತೀರಿ. ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದರು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂತು. ದಿನಕ್ಕೆ ಇಷ್ಟೇ ಮಂದಿ ಅನ್ನೋ ಮಿತಿ, ಶುಲ್ಕ, ಗುರುತಿನ ಚೀಟಿ. ಮಿತಿ ಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಸ್ಕಂದಗಿರಿಯ ಪೊದೆಗಳಲ್ಲಿ ಸಿಗುವ ಪ್ಲಾಸ್ಟಿಕ್ ನೋಡಿದ ಯಾರೂ ಅದನ್ನು ಪ್ರಶ್ನಿಸಲ್ಲ. ಆದರೆ ಬುಕಿಂಗ್ ತೆರೆದ ಕೂಡಲೇ ವಾರಾಂತ್ಯದ ಸೀಟು ಯಾರ ಪಾಲಾಗುತ್ತೆ? ವೇಗದ ಇಂಟರ್ನೆಟ್, ಕಾರ್ಡು, ಕಾರು ಇದ್ದವರ ಪಾಲಿಗೆ. ಕಳವಾರದ ಹುಡುಗನಿಗೆ ತನ್ನ ಊರ ಬೆಟ್ಟ ಹತ್ತೋಕೆ ಬೆಂಗಳೂರಿನವರ ಜೊತೆ ಸ್ಪರ್ಧೆ. ದಿನದ ಮಿತಿಯಲ್ಲಿ ಒಂದು ಪಾಲನ್ನು ಸ್ಥಳೀಯರಿಗೆ, ಸರ್ಕಾರಿ ಶಾಲೆ-ಕಾಲೇಜುಗಳ ತಂಡಗಳಿಗೆ ಗೇಟಿನಲ್ಲೇ ಕೊಡೋದು ಕಷ್ಟದ ಕೆಲಸ ಅಲ್ಲ.

ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿರೋದು ರೋಪ್‌ವೇ. 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆ ಹೊಸ್ತಿಲಲ್ಲಿದ್ದಾಗ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸುಮಾರು 93 ಕೋಟಿ ರೂಪಾಯಿಯ ರೋಪ್‌ವೇಗೆ ಶಂಕುಸ್ಥಾಪನೆ ಮಾಡಿದರು. ಉದ್ದ ಸುಮಾರು 2.9 ಕಿಲೋಮೀಟರ್. ಕಾರುಗಳು ಮೇಲೆ ಹೋಗೋದು ಕಮ್ಮಿಯಾಗುತ್ತೆ, ವಯಸ್ಸಾದವರಿಗೆ, ಅಂಗವಿಕಲರಿಗೆ ಅನುಕೂಲ ಅನ್ನೋದು ಪರವಾದ ವಾದ. ಅದರಲ್ಲಿ ತಥ್ಯ ಇದೆ. ಆದರೆ ರೋಪ್‌ವೇ ಬಂದರೆ ಖಾಸಗಿ ವಾಹನ ಪೂರ್ತಿ ನಿಲ್ಲಿಸ್ತೀರಾ ಅಂತ ಕೇಳಿ. ಅದಕ್ಕೆ ‘ಹೌದು’ ಅನ್ನೋ ಉತ್ತರ ಬರದಿದ್ರೆ, ಕಾರಿನಲ್ಲಿ ಬರುವ ಜನದ ಜೊತೆ ರೋಪ್‌ವೇ ಜನವೂ ಸೇರ್ತಾರೆ ಅಷ್ಟೆ. ಒಂದೇ ಬೆಟ್ಟಸಾಲಿನಲ್ಲಿ ಒಂದು ಇಲಾಖೆ ಜನರನ್ನು ಎಣಿಸಿ ಬಿಡ್ತಿದೆ, ಇನ್ನೊಂದು ಇಲಾಖೆ ಎತ್ತಿ ತರೋಕೆ ಯಂತ್ರ ಹಾಕ್ತಿದೆ. ಸಂಪುಟ ಸಭೆಯ ಹೊತ್ತಿಗೆ ಪ್ರವಾಸಿಗರಿಗೆ ಪ್ರವೇಶ ನಿಲ್ಲಿಸಿದ್ರು. ಬೆಟ್ಟಕ್ಕೆ ವಾಹನ ತಡೆಯೋದು ಸಾಧ್ಯವೇ ಇಲ್ಲ ಅನ್ನುವವರಿಗೆ ಅದೂ ಒಂದು ಉದಾಹರಣೆ.

ಇನ್ನು ಕೆಳಗಿನ ಭೂಮಿ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಎಕರೆಯ ಬೆಲೆಗೂ ಬೆಳೆಯ ಬೆಲೆಗೂ ಸಂಬಂಧವೇ ಕಡಿದು ಹೋಯಿತು. ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದು ರಾಗಿ, ದ್ರಾಕ್ಷಿ, ಹೂ, ತರಕಾರಿ ಬೆಳೆಯುವ ಜಮೀನಿಗಾಗಿ. ಸರ್ಕಾರ ಕೈಬಿಟ್ಟಿತು, ಜೊತೆಗೆ ಸ್ವಇಚ್ಛೆಯಿಂದ ಕೊಡುವವರ ಜಮೀನು ತೆಗೆದುಕೊಳ್ತೀವಿ ಅಂತಲೂ ಹೇಳಿತು. ಚಪ್ಪರದ ನಡುವೆ ಒಂದು ಜಮೀನು ಹೋದರೆ ಪಕ್ಕದವರ ದಾರಿ, ಕಾಲುವೆ, ಕರೆಂಟು ಎಲ್ಲ ಅಲ್ಲಾಡುತ್ತೆ. ‘ಸ್ವಇಚ್ಛೆ’ ಅನ್ನೋ ಪದ ಅಲ್ಲಿ ಎಷ್ಟು ತಡೆಯುತ್ತೆ ಅನ್ನೋದನ್ನು ಗಮನಿಸ್ತಾ ಇರಬೇಕು. ನಂದಿಯಿಂದ ಕಾಣುವ ಹಸಿರು ನೋಟ ಯಾವುದೇ ಅರಣ್ಯ ಕಾಯ್ದೆಯ ರಕ್ಷಣೆಯಲ್ಲಿಲ್ಲ. ಅದು ಇರೋದು ಈ ರೈತರು ಮಾರದೇ ಇರೋದರಿಂದ.

ಹೋಗುವ ಮುಂಚೆ

ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರಕ್ಕೆ, ದೊಡ್ಡಬಳ್ಳಾಪುರಕ್ಕೆ ಬಸ್ಸಿಗೆ ಬರ ಇಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆಧಾರ್ ಇದ್ದರೆ ಸಾಕು. ಕಾಲೇಜು ಗೆಳತಿಯರ ಗುಂಪು ಒಂದು ರೂಪಾಯಿ ಬಸ್ ಖರ್ಚಿಲ್ಲದೆ ಬೆಟ್ಟದ ಬುಡ ತಲುಪಬಹುದು ಅನ್ನೋದು ಸಣ್ಣ ವಿಷಯ ಅಲ್ಲ. ಕೊನೆಯ ಕೆಲವು ಕಿಲೋಮೀಟರ್‌ಗೆ ಆಟೊ, ಹೊರಡುವಾಗಲೇ ವಾಪಸ್ ಬರುವ ಮಾತೂ ಆಡಿಕೊಳ್ಳಿ.

ಮಳೆಗಾಲದಲ್ಲಿ ಬಂಡೆ ಜಾರುತ್ತೆ, ಹಿಡಿತ ಇರುವ ಶೂ ಬೇಕು. ಫೆಬ್ರುವರಿಯಿಂದ ಹುಲ್ಲು ಒಣಗಿ ಬೆಂಕಿಯ ಕಾಲ, ಬೀಡಿ-ಸಿಗರೇಟು ಬೇಡವೇ ಬೇಡ. ತಲಾ ಎರಡು ಲೀಟರ್ ನೀರು ಹೊರಿ, ಬೆಟ್ಟದ ಮೇಲೆ ನೀರು ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ. ವೈನರಿಗೆ ಹೋಗೋದಿದ್ರೆ ಮುಂಚೆ ಫೋನ್ ಮಾಡಿ ಬುಕ್ ಮಾಡಿ, ಬೆಟ್ಟ ಇಳಿದ ಮೇಲೆ ಹೋಗಿ, ಗಾಡಿ ಓಡಿಸುವವರು ರುಚಿ ನೋಡೋದು ಬೇಡ. ಸಮಯ ಉಳಿದ್ರೆ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಬಹುದು.

ಫೆಬ್ರುವರಿ–ಮಾರ್ಚ್‌ನಲ್ಲಿ ಹೋದರೆ ವಾಪಸ್ ಬರುವಾಗ ಹೆದ್ದಾರಿ ಬದಿಯಲ್ಲಿ ಬುಟ್ಟಿ, ಕ್ರೇಟು ಇಟ್ಟುಕೊಂಡು ದ್ರಾಕ್ಷಿ ಮಾರುವವರು ಸಿಗ್ತಾರೆ. ಬೀಜ ಇಲ್ಲದ್ದು ಬೇಕಾ ಅಂತ ಕೇಳ್ತಾರೆ. ಬೆಂಗಳೂರು ಬ್ಲೂ ಇದೆಯಾ ಅಂತ ಕೇಳಿ. ಬೆರಳಲ್ಲಿ ಒತ್ತಿದ್ರೆ ತಿರುಳು ಸಿಪ್ಪೆ ಬಿಟ್ಟು ಬಾಯಿಗೆ ಜಾರುತ್ತೆ, ಮೊದಲು ಸಿಹಿ, ಆಮೇಲೆ ಕೆನ್ನೆ ಹಿಂಡುವ ಹುಳಿ. ಮನೆಗೆ ತಂದು ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆದು ತಿನ್ನಿ. ಈ ಸಲ ತೋಟದಲ್ಲಿ ಕೆಜಿಗೆ ಏನು ಸಿಕ್ತು ಅಂತ ಮಾರುವವರನ್ನೇ ಒಂದು ಮಾತು ಕೇಳಿದ್ರೆ, ಬೇಡ ಅಂದ್ರೂ ಅರ್ಧ ಗಂಟೆ ಮಾತಾಡ್ತಾರೆ.